ಕಿಟಕಿಗೆ ಬಡಿದ ಹಕ್ಕಿ

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳು ಬೇಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲರೂ ಕ್ಷೇಮ. ನೀವೂ ಅಮ್ಮನೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಹುಟ್ಟಿನಿಂದ ಬರುವುದು ಹಸಿವು ಮತ್ತು ಭಯ ಮಾತ್ರ, ದಯೆಯನ್ನು ಹೇಳಿಕೊಟ್ಟೇ ಬೆಳೆಸಬೇಕು ಎಂದು ಹಿಂದಿನ ಪತ್ರದಲ್ಲಿ ಬರೆದಿದ್ದಿರಿ. ಉತ್ತರ ಬರೆಯಲು ಹದಿನೈದು ದಿನ ತಡವಾಯಿತು. ತಡವಾದದ್ದೇ ಒಳ್ಳೆಯದಾಯಿತು, ಅಂದೇ ಬರೆದಿದ್ದರೆ ನಿಮ್ಮ ಮಾತನ್ನು ಪೂರ್ತಿಯಾಗಿ ಅಲ್ಲಗಳೆದುಬಿಡುತ್ತಿದ್ದೆ.

ಕಳೆದ ಭಾನುವಾರ ಬೆಳಿಗ್ಗೆ ಕಿಟಕಿಯ ಗಾಜಿಗೆ ಏನೋ ರಪ್ಪನೆ ಬಡಿಯಿತು. ಹೋಗಿ ನೋಡಿದರೆ, ಗುಬ್ಬಚ್ಚಿಗಿಂತಲೂ ಚಿಕ್ಕದಾದ ಹಕ್ಕಿಯೊಂದು ಹೊರಗೆ ನೆಲದ ಮೇಲೆ ಕೊಕ್ಕನ್ನು ಅರ್ಧ ತೆರೆದು, ಒಂದು ರೆಕ್ಕೆಯನ್ನು ಹರಡಿಕೊಂಡು ಬಿದ್ದಿತ್ತು. ಗಾಜಿನಲ್ಲಿ ಎದುರಿನ ಮರ ಪ್ರತಿಫಲಿಸುತ್ತದೆ. ಹಕ್ಕಿ ಅದನ್ನು ನಿಜವಾದ ಮರವೆಂದೇ ನಂಬಿ ನೇರವಾಗಿ ಹಾರಿ ಬಂದಿತ್ತು. ನಿಮ್ಮ ಮೊಮ್ಮಗನಿಗೆ ಇನ್ನೂ ಆರು ವರ್ಷ. ಇಂಥ ಹೊತ್ತಿನಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಅವನು ಧ್ವನಿ ತಗ್ಗಿಸಿದ, ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡ, ಆಮೇಲೆ ‘ಅದಕ್ಕೆ ನೋಯುತ್ತಿದೆಯಾ?’ ಎಂದು ಕೇಳಿದ. ಗಾಳಿಗೆ ತೂತು ಮಾಡಿದ ರಟ್ಟಿನ ಡಬ್ಬಿಯೊಳಗೆ ಬಟ್ಟೆ ಹಾಸಿ, ಹಕ್ಕಿಯನ್ನಿಟ್ಟು, ಮುಚ್ಚಳ ಮುಚ್ಚಿದೆವು. ಇಂಥ ಆಘಾತಕ್ಕೆ ಕತ್ತಲೆ ಮತ್ತು ಮೌನವೇ ಮದ್ದು; ಬಾಯಿಗೆ ನೀರು ಹಾಕಲು ಹೋಗಬಾರದು, ಅದು ಉಸಿರ್ನಾಳಕ್ಕೆ ಇಳಿಯುವ ಅಪಾಯವಿದೆ. ಸುಮಾರು ಒಂದು ಗಂಟೆ ಅವನು ಡಬ್ಬಿಯ ಪಕ್ಕದಿಂದ ಕದಲಲಿಲ್ಲ. ಹೊರಗೆ ಒಯ್ದು ಮುಚ್ಚಳ ತೆಗೆದಾಗ ಹಕ್ಕಿ ಡಬ್ಬಿಯ ಅಂಚಿನ ಮೇಲೆ ಒಂದು ಗಳಿಗೆ ಕುಳಿತು, ಹಾರಿಹೋಯಿತು.

ಆ ರಾತ್ರಿ ಗೆದ್ದವಳ ಹುಮ್ಮಸ್ಸಿನಲ್ಲಿ ನಿಮಗೆ ಪತ್ರ ಬರೆಯಲು ಕುಳಿತೆ. ಇಟಲಿಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ನಿಮ್ಮ ಮುಂದಿಡಬೇಕೆಂದಿದ್ದೆ. ಹುಟ್ಟಿ ಎರಡೇ ದಿನವಾದ ಶಿಶುಗಳಿಗೆ ಅವರು ಪರದೆಯ ಮೇಲೆ ಬರಿಯ ಬೆಳಕಿನ ಚುಕ್ಕಿಗಳನ್ನು ತೋರಿಸಿದರು. ಒಂದು ಕಡೆ ಚುಕ್ಕಿಗಳು ಅಡ್ಡಾದಿಡ್ಡಿಯಾಗಿ ಚಲಿಸುತ್ತಿದ್ದವು. ಇನ್ನೊಂದು ಕಡೆ ನಡೆಯುತ್ತಿರುವ ಕೋಳಿಯ ಕೀಲುಗಳಂತೆ ಚಲಿಸುತ್ತಿದ್ದವು. ಶಿಶುಗಳು ಹೆಚ್ಚು ಹೊತ್ತು ನೋಡಿದ್ದು ಕೋಳಿಯ ಕಡೆಗೇ. ಕೋಳಿ ಎಂದರೇನೆಂದೇ ತಿಳಿಯದ ಕಣ್ಣು, ಜೀವವಿರುವುದರ ನಡಿಗೆಯನ್ನು ಆಗಲೇ ಗುರುತಿಸುತ್ತದೆ ಎಂಬುದು ನನಗೆ ಇಂದಿಗೂ ಬೆರಗಿನ ವಿಷಯ.

ಆದರೆ ಪತ್ರ ಮುಗಿಯುವ ಮೊದಲೇ, ಮಂಗಳವಾರ ಸಂಜೆ, ಅದೇ ಹುಡುಗ ಗೋಡೆಯ ಬುಡದಲ್ಲಿ ಕುಳಿತು ಸಾಲಿನಲ್ಲಿ ಹೋಗುತ್ತಿದ್ದ ಇರುವೆಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಒತ್ತಿ ಸಾಯಿಸುತ್ತಿದ್ದ. ಬರೆದಷ್ಟನ್ನೂ ಹರಿದುಹಾಕಿದೆ. ಬೈಯಲು ಬಾಯಿ ತೆರೆದವಳು ಹೇಗೋ ತಡೆದುಕೊಂಡು, ಮೇಜಿನ ಮೇಲಿದ್ದ ಭೂತಗನ್ನಡಿಯನ್ನು ಅವನ ಕೈಗೆ ಕೊಟ್ಟೆ. ಇರುವೆಯೊಂದು ನಿಂತು, ತನ್ನ ಮೀಸೆಯನ್ನು ಮುಂಗಾಲಿನ ಸಂದಿನಲ್ಲಿ ಎಳೆದೆಳೆದು ಶುಚಿಮಾಡಿಕೊಳ್ಳುತ್ತಿತ್ತು. ‘ಅದು ಮುಖ ತೊಳೆಯುತ್ತಿದೆ’ ಎಂದ ಅವನು ಬೆರಳನ್ನು ತಾನಾಗಿಯೇ ಹಿಂದಕ್ಕೆ ತೆಗೆದುಕೊಂಡ.

ಮನುಷ್ಯನಿಗೆ ಜೀವಲೋಕದತ್ತ ಇರುವ ಹುಟ್ಟು ಸೆಳೆತವನ್ನು 1984ರಲ್ಲಿ ‘ಬಯೋಫಿಲಿಯಾ’ ಎಂಬ ಹೆಸರಿನಿಂದ ವಿವರಿಸಿದ ಎಡ್ವರ್ಡ್ ವಿಲ್ಸನ್ ಕೂಡ ಇರುವೆಗಳ ವಿಜ್ಞಾನಿಯೇ. ಬಾಲ್ಯದಲ್ಲಿ ಮೀನಿನ ಮುಳ್ಳು ಚುಚ್ಚಿ ಅವರ ಬಲಗಣ್ಣು ಹೋಯಿತು. ಉಳಿದ ಒಂದೇ ಕಣ್ಣಿನಿಂದ ಸಣ್ಣ ಜೀವಿಗಳನ್ನು ತೀರ ಹತ್ತಿರ ಹಿಡಿದು ನೋಡುತ್ತ ಅವರು ಬೆಳೆದರು. ದೊಡ್ಡ ಕಣ್ಣು, ಉಬ್ಬಿದ ಹಣೆ, ದುಂಡು ಕೆನ್ನೆಗಳಿರುವ ಮುಖ ನಮ್ಮಲ್ಲಿ ತಾನಾಗಿಯೇ ಮಮತೆ ಹುಟ್ಟಿಸುತ್ತದೆಂದು ಪ್ರಾಣಿಗಳ ನಡವಳಿಕೆಯ ವಿಜ್ಞಾನಿ ಕೊನ್ರಾಡ್ ಲೊರೆನ್ಸ್ 1943ರಲ್ಲೇ ಬರೆದಿದ್ದರು. ಹಕ್ಕಿಗೆ ದುಂಡು ತಲೆಯೂ ಹೊಳೆಯುವ ಕಣ್ಣೂ ಇದ್ದವು. ಇರುವೆಗೆ ಆ ಅದೃಷ್ಟವಿರಲಿಲ್ಲ. ಹೀಗಾಗಿ ಹುಟ್ಟಿನಿಂದ ಬರುವ ಕರುಣೆ ಪಕ್ಷಪಾತಿ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ನೋಡುವ ಆಸೆಯೂ ಹುಟ್ಟಿನಿಂದಲೇ ಬಂದಿದೆಯಲ್ಲ ಅಪ್ಪ! ಅದಿಲ್ಲದಿದ್ದರೆ ಭೂತಗನ್ನಡಿ ಕೊಟ್ಟೂ ಏನು ಪ್ರಯೋಜನವಾಗುತ್ತಿತ್ತು? ನಾನು ಅವನಿಗೆ ಕಲಿಸಿದ್ದು ದಯೆಯನ್ನಲ್ಲ, ಇನ್ನೂ ಸ್ವಲ್ಪ ಹತ್ತಿರದಿಂದ ನೋಡುವುದನ್ನು.

ನಿಮ್ಮ ಶಸ್ತ್ರಚಿಕಿತ್ಸೆಯಾದಾಗ ನೀವು ಕಿಟಕಿಯ ಪಕ್ಕದ ಹಾಸಿಗೆಯೇ ಬೇಕೆಂದು ಹಟ ಹಿಡಿದದ್ದು ನೆನಪಿದೆಯೇ? ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ಹೋಲಿಸಿ ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ಬರೆದ ಲೇಖನದಲ್ಲಿ, ಕಿಟಕಿಯಿಂದ ಮರಗಳನ್ನು ಕಾಣುತ್ತಿದ್ದವರು ಇಟ್ಟಿಗೆಯ ಗೋಡೆಯನ್ನು ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದರು, ಪ್ರಬಲವಾದ ನೋವುನಿವಾರಕಗಳನ್ನೂ ಕಡಿಮೆ ತೆಗೆದುಕೊಂಡರು ಎಂದಿದೆ. ಆ ಹಟವನ್ನು ನಿಮಗೆ ಯಾರು ಹೇಳಿಕೊಟ್ಟಿದ್ದರೋ ಮುಂದಿನ ಪತ್ರದಲ್ಲಿ ದಯವಿಟ್ಟು ತಿಳಿಸಿ.

ಗಾಜಿನ ಹೊರಮೈಗೆ ಐದೈದು ಸೆಂಟಿಮೀಟರ್ ಅಂತರದಲ್ಲಿ ಬಿಳಿ ಚುಕ್ಕಿಗಳನ್ನು ಅಂಟಿಸುತ್ತಿದ್ದೇವೆ. ಅಷ್ಟು ಒತ್ತಾಗಿದ್ದರೆ ಹಕ್ಕಿಗಳು ಅಲ್ಲಿ ದಾರಿಯಿಲ್ಲವೆಂದು ತಿಳಿದು ತಿರುಗಿಕೊಳ್ಳುತ್ತವೆ. ಅಳತೆಪಟ್ಟಿ ಹಿಡಿಯುವ ಕೆಲಸ ನಿಮ್ಮ ಮೊಮ್ಮಗನದು, ಆದ್ದರಿಂದ ಸಾಲುಗಳು ಸೊಟ್ಟಗಿವೆ. ಹಕ್ಕಿ ಬಡಿದ ಜಾಗದಲ್ಲಿ ರೆಕ್ಕೆಯ ಧೂಳಿನ ಗುರುತು ಹಾಗೆಯೇ ಉಳಿದಿದೆ. ಅದನ್ನು ಒರೆಸಲು ಅವನು ಇನ್ನೂ ಬಿಟ್ಟಿಲ್ಲ.

ಅಮ್ಮನಿಗೆ ನನ್ನ ನಮಸ್ಕಾರಗಳನ್ನು ತಿಳಿಸಿ.

ಇಂತಿ,
ನಿಮ್ಮ ಪ್ರೀತಿಯ ಮಗಳು