ಸಕ್ಕರ್ ಎಂದದ್ದೆಲ್ಲ ಒಂದೇ ಮೀನಲ್ಲ

ಮಾನ್ಯ ಸಂಪಾದಕರೇ,

ಅಕ್ವೇರಿಯಂ ಮೀನುಗಳ ಕುರಿತ ನಿಮ್ಮ ಪುರವಣಿ ಬರಹದಲ್ಲಿ ಆಫ್ರಿಕಾದ ಕೈಲೊಗ್ಲಾನಿಸ್ ಮೀನನ್ನು ‘ಗಾಜು ಕ್ಲೀನ್ ಮಾಡುವ ಸಕ್ಕರ್’ ಎನ್ನಲಾಗಿದೆ. ಅಂಗಡಿಯಲ್ಲಿ ಆ ಹೆಸರಿಗೆ ಸಿಗುವುದು ದಕ್ಷಿಣ ಅಮೆರಿಕದ ಪ್ಲೆಕೊ. ಅದಕ್ಕೆ ಮೈತುಂಬ ಎಲುಬಿನ ಕವಚ; ನೀರು ಕೆಟ್ಟರೆ ಮೇಲೆ ಬಂದು ಗಾಳಿ ನುಂಗಿ ಬದುಕಿಕೊಳ್ಳುತ್ತದೆ. ಕೈಲೊಗ್ಲಾನಿಸ್‌ಗೆ ಹುರುಪೆಯೂ ಇಲ್ಲ. ಹೆಚ್ಚಿನ ಪ್ರಭೇದಗಳು 10 ಸೆಂ.ಮೀ. ದಾಟುವುದಿಲ್ಲ.

ಮಗುಚಿ ನೋಡಿದರೆ ಗುರುತು ಸುಲಭ. ಮೇಲ್ದುಟಿ, ಕೆಳದುಟಿ, ಗದ್ದದ ಮೀಸೆಗಳು ಒಂದಕ್ಕೊಂದು ಬೆಸೆದು ದುಂಡನೆಯ ತಟ್ಟೆಯಾಗಿವೆ. ಭೋರ್ಗರೆವ ತೊರೆಯಲ್ಲಿ ಅದರಿಂದಲೇ ಬಂಡೆಗೆ ಕಚ್ಚಿಕೊಂಡು ಪಾಚಿ, ಹುಳದ ಮರಿಗಳನ್ನು ಕೆರೆದು ತಿನ್ನುತ್ತದೆ. ನಮ್ಮ ಘಟ್ಟದ ಗ್ಲಿಪ್ಟೊಥೊರಾಕ್ಸ್ ಎಂಬ ಮೀನು ಬಂಡೆಗೆ ಅಂಟುವ ಕೆಲಸವನ್ನು ಎದೆಯ ನೆರಿಗೆಗಳಿಂದ ಮಾಡುತ್ತದೆ, ಬಾಯಿಂದಲ್ಲ.

ಸಾಕುವುದಾದರೆ ಕನಿಷ್ಠ ಮೂರಡಿ ಉದ್ದದ ತೊಟ್ಟಿ, ದುಂಡು ಕಲ್ಲು, 22ರಿಂದ 25 ಡಿಗ್ರಿ ನೀರು ಬೇಕು. ಪಂಪು ಗಂಟೆಗೆ ತೊಟ್ಟಿಯ ನೀರಿನ ಹತ್ತು ಪಟ್ಟಾದರೂ ತಿರುಗಿಸಬೇಕು. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿ.ಗ್ರಾಂ. ಆಮ್ಲಜನಕ ಹಿಡಿಯುವ ನೀರು 30 ಡಿಗ್ರಿಗೆ ಏಳೂವರೆಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಕರೆಂಟು ಹೋದರೆ ಮೊದಲು ಸಾಯುವುದು ಈ ಮೀನೇ, ಹಾಗಾಗಿ ಬ್ಯಾಟರಿ ಏರ್ ಪಂಪು ಇರಲೇಬೇಕು. ಹೊಸ ತೊಟ್ಟಿಯಲ್ಲಿ ಕಲ್ಲಿಗೆ ಪಾಚಿ ಹಿಡಿದಿರುವುದಿಲ್ಲ. ಹೊಟ್ಟೆ ಒಳಕ್ಕೆ ಹೋದರೆ ಅದು ಉಪವಾಸದ ಲಕ್ಷಣ. ಮುಳುಗುವ ಸ್ಪಿರುಲಿನಾ (ಪಾಚಿಯ) ಮಾತ್ರೆ, ಬ್ಲಡ್‌ವರ್ಮ್ (ಕೆಂಪು ಹುಳದ ಮರಿ) ಹಾಕಿ. ಹಿಡಿಯಲು ಬಲೆ ಬೇಡ, ಲೋಟ ಸಾಕು. ಬೆನ್ನಿನ ಮತ್ತು ಪಕ್ಕದ ರೆಕ್ಕೆಗಳ ಮುಳ್ಳು ಸೆಟೆದು ಬಲೆಗೆ ಸಿಕ್ಕಿಕೊಂಡರೆ ಬಿಡಿಸುವಷ್ಟರಲ್ಲಿ ಮೀನು ಗಾಯಗೊಳ್ಳುತ್ತದೆ. ಹುರುಪೆಯಿಲ್ಲದ ಮೀನಾದ್ದರಿಂದ ಔಷಧಿ ಹಾಕಬೇಕಾದರೆ ಅರ್ಧ ಪ್ರಮಾಣದಿಂದ ಶುರುಮಾಡಿ.

ತೊರೆಯಲ್ಲೂ ಅದಕ್ಕೆ ಕುತ್ತು ಬರುವುದು ಹರಿವು ಕುಗ್ಗಿದಾಗಲೇ. ದಕ್ಷಿಣ ಆಫ್ರಿಕಾದ ಇಂಕೊಮಾಟಿ ನದಿವ್ಯವಸ್ಥೆಯಲ್ಲಷ್ಟೇ ಇರುವ ಕೈಲೊಗ್ಲಾನಿಸ್ ಬೈಫರ್ಕಸ್ ಎಂಬ ಪ್ರಭೇದ ಅಳಿವಿನಂಚಿಗೆ ಬಂದಿದೆ. ನೀರು ಎತ್ತಿ ಹರಿವು ತಗ್ಗಿದಲ್ಲಿ ಹೂಳು ಕೂರುತ್ತದೆ, ಕಲ್ಲಿನ ಸಂದು ಮುಚ್ಚುತ್ತದೆ. ಹೂಳು ಮೆತ್ತಿದ ಕಲ್ಲಿಗೆ ಆ ತಟ್ಟೆ ಅಂಟದು, ಹೂಳಿನಡಿಯ ಪಾಚಿಯೂ ಸತ್ತಿರುತ್ತದೆ.

ತಿದ್ದುಪಡಿ ಹಾಕುವಾಗ ದಯವಿಟ್ಟು ಹೊಟ್ಟೆಯ ಕಡೆಯ ಚಿತ್ರವನ್ನೇ ಮುದ್ರಿಸಿ. ಬಾಯಿಯ ತಟ್ಟೆ ಕಾಣುವುದು ಅಲ್ಲೇ.

— ಓದುಗರು, ಬೆಂಗಳೂರು