ಮಾತ್ರೆ ಯಂತ್ರದ ಸವೆಯುವ ಭಾಗಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ

ಮಾನ್ಯ ಸಂಪಾದಕರೇ,

ಆಸ್ಪತ್ರೆಗಳಲ್ಲಿ ಮಾತ್ರೆ ಎಣಿಸಿ ಪೊಟ್ಟಣ ಕಟ್ಟುವ ಯಂತ್ರಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಇಂಥ ವಿಷಯಕ್ಕೆ ಇಷ್ಟು ಜಾಗ ಕೊಟ್ಟಿದ್ದು ಖುಷಿಯಾಯಿತು. ಆದರೆ ಮನುಷ್ಯರು ಎಣಿಸಿದರೆ ತಪ್ಪಬಹುದು, ಯಂತ್ರ ಎಣಿಸಿದರೆ ತಪ್ಪುವುದಿಲ್ಲ ಅನ್ನುವ ಅರ್ಥದ ಮಾತು ಅದರಲ್ಲಿತ್ತು. ಅದನ್ನು ಓದಿ ಸುಮ್ಮನಿರಲು ಆಗಲಿಲ್ಲ. ನಾನು ಈ ಯಂತ್ರಗಳ ಫಿಟ್ಟರ್. ಮೊದಲು ಔಷಧ ಕಾರ್ಖಾನೆಯ ಬ್ಲಿಸ್ಟರ್ ಪ್ಯಾಕಿಂಗ್ ಲೈನಿನಲ್ಲಿದ್ದೆ, ಅಂದರೆ ಮಾತ್ರೆಗಳನ್ನು ಗುಳಿಗಳಿರುವ ಹಾಳೆಯಲ್ಲಿ ಕೂರಿಸಿ ಮುಚ್ಚುವ ಕಡೆ. ಈಗ ಆಸ್ಪತ್ರೆಗಳಲ್ಲಿರುವ ಪೊಟ್ಟಣ ಯಂತ್ರಗಳ ಸರ್ವಿಸ್ ನೋಡುತ್ತೇನೆ. ಯಂತ್ರವೂ ತಪ್ಪು ಎಣಿಸುತ್ತದೆ. ನಾನು ಕಂಡಂತೆ ಅದಕ್ಕೆ ಕಾರಣ ಬಹುತೇಕ ಅಂಗೈಯಲ್ಲಿ ಹಿಡಿಯುವಂಥ ಒಂದು ಸಣ್ಣ ಭಾಗ ಸವೆದಿರುವುದು.

ಯಂತ್ರದೊಳಗೆ ಏನಾಗುತ್ತದೆ ಅಂತ ಸ್ವಲ್ಪ ಹೇಳಬೇಕು. ಒಂದೊಂದು ಔಷಧಕ್ಕೂ ಒಂದೊಂದು ಕ್ಯಾನಿಸ್ಟರ್ ಇರುತ್ತದೆ, ಅಂದರೆ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ. ದೊಡ್ಡ ಯಂತ್ರದಲ್ಲಿ ಇಂಥ ನೂರಾರು ಡಬ್ಬಿಗಳು ಸಾಲಾಗಿ ಕೂತಿರುತ್ತವೆ. ಡಬ್ಬಿಯ ತಳದಲ್ಲಿ ಒಂದು ರೋಟರ್, ಅಂದರೆ ತಿರುಗುವ ಬಿಲ್ಲೆ. ರೋಟರಿನ ಅಂಚಿನ ಸುತ್ತ ಮೇಲಿಂದ ಕೆಳಕ್ಕೆ ಕೊರೆದ ಗ್ರೂವ್‌ಗಳು, ಅಂದರೆ ಕಿರುಗಾಲುವೆಯಂಥ ತೋಡುಗಳು. ಮಾತ್ರೆಗಳು ಗ್ರೂವ್‌ಗೆ ಇಳಿದು ಒಂದರ ಮೇಲೊಂದು ನಿಲ್ಲುತ್ತವೆ. ರೋಟರ್ ತಿರುಗಿ ಗ್ರೂವ್ ತಳದ ತೂತಿನ ಮೇಲೆ ಬಂದಾಗ ಕೆಳಗಿನ ಮಾತ್ರೆ ಬೀಳಬೇಕು. ಅದೊಂದೇ ಬೀಳಬೇಕು. ಮೇಲಿನದನ್ನು ತಡೆದು ನಿಲ್ಲಿಸುವುದು ಒಂದು ಪುಟ್ಟ ಬ್ರಷ್. ಕೆಲವು ಮಾಡೆಲ್‌ಗಳಲ್ಲಿ ಬ್ರಷ್ ಬದಲು ತೆಳು ತಗಡು ಇರುತ್ತದೆ. ರೋಟರಿಗೆ ಅಡ್ಡಲಾಗಿ ಒಂದು ಸೀಳು ಇದೆ, ಬ್ರಷ್ಷಿನ ತುದಿ ಆ ಸೀಳಿನೊಳಗೆ ಹೋಗಿ ಎರಡು ಮಾತ್ರೆಗಳ ಮಧ್ಯೆ ನಿಲ್ಲುತ್ತದೆ.

ಈ ಬ್ರಷ್ ಹೊಸದಾಗಿದ್ದಾಗ ಕೂದಲು ನೆಟ್ಟಗೆ, ಒತ್ತಾಗಿ ಇರುತ್ತದೆ. ಬೆರಳಿನಿಂದ ಒತ್ತಿದರೆ ತಿರುಗಿ ಎದ್ದು ನಿಲ್ಲುತ್ತದೆ. ಸಾವಿರಾರು ಮಾತ್ರೆಗಳು ಉಜ್ಜಿ ಹೋದ ಮೇಲೆ ತುದಿ ಒಂದೇ ಕಡೆಗೆ ವಾಲುತ್ತದೆ. ಬುಡದಲ್ಲಿ ಮಾತ್ರೆಯ ಪುಡಿ ಕೂತು ಗಟ್ಟಿಯಾಗುತ್ತದೆ, ನಡುವೆ ಒಂದಷ್ಟು ಕೂದಲು ಉದುರಿ ಸಂದು ಬೀಳುತ್ತದೆ. ದೊಡ್ಡ ಮಾತ್ರೆ ಆ ಸಂದಿನಲ್ಲಿ ನುಸುಳುವುದಿಲ್ಲ. ನುಸುಳುವುದು ಸಣ್ಣ, ನುಣುಪಾದ, ತೆಳು ಮಾತ್ರೆ. ರಕ್ತ ತೆಳು ಮಾಡುವ ಔಷಧ, ಹೃದಯದ ಬಡಿತದ ಔಷಧ, ಥೈರಾಯ್ಡ್ ಮಾತ್ರೆ ಇವೆಲ್ಲ ಸಾಮಾನ್ಯವಾಗಿ ಸಣ್ಣ ಮಾತ್ರೆಗಳೇ. ಒಂದು ಹೆಚ್ಚಾದರೂ ತೊಂದರೆ ಕೊಡುವ ಔಷಧಗಳು ಇವೇ ಅಲ್ವಾ? ಅದಕ್ಕೇ ಬ್ರಷ್ ವಿಷಯದಲ್ಲಿ ನನಗೆ ಇಷ್ಟು ಹಟ.

ಬಿದ್ದ ಮಾತ್ರೆಯನ್ನು ಸೆನ್ಸರ್ ಎಣಿಸುತ್ತದಲ್ಲ ಅಂತ ಕೇಳಬಹುದು. ಎಣಿಸುತ್ತದೆ. ಒಂದು ಕಡೆಯಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು, ಎದುರಿಗೆ ಅದನ್ನು ಹಿಡಿಯುವ ಭಾಗ. ಮಾತ್ರೆ ಹಾದುಹೋದಾಗ ಬೆಳಕು ಕಡಿದು ಹೋಗುತ್ತದೆ, ಯಂತ್ರ ಒಂದು ಅಂತ ಲೆಕ್ಕ ಹಾಕಿಕೊಳ್ಳುತ್ತದೆ. ಎರಡು ಮಾತ್ರೆ ಅಂಟಿಕೊಂಡಂತೆ ಬಿದ್ದರೆ ಅದಕ್ಕೂ ಒಂದೇ ಅನ್ನಿಸಬಹುದು. ಇನ್ನೊಂದು ತೊಂದರೆ ಪುಡಿಯದು. ಎಷ್ಟೇ ಒಳ್ಳೆಯ ಮಾತ್ರೆಯಾದರೂ ಉಜ್ಜಿದರೆ ಪುಡಿ ಬಿಡುತ್ತದೆ. ಕಾರ್ಖಾನೆಯಲ್ಲಿ ಇದಕ್ಕೆ ಪರೀಕ್ಷೆಯೇ ಇದೆ. ಮಾತ್ರೆಗಳನ್ನು ಒಂದು ಡ್ರಮ್ಮಿಗೆ ಹಾಕಿ ನಿಮಿಷಕ್ಕೆ 25ರಂತೆ 100 ಸುತ್ತು ತಿರುಗಿಸುತ್ತಾರೆ. ಸಾಮಾನ್ಯವಾಗಿ ತೂಕ ಶೇ 1ಕ್ಕಿಂತ ಜಾಸ್ತಿ ಇಳಿಯಬಾರದು. ಅಂದರೆ ಪಾಸಾದ ಮಾತ್ರೆಯೂ ಒಂದಿಷ್ಟು ಪುಡಿಯನ್ನು ಕ್ಯಾನಿಸ್ಟರಿನಲ್ಲಿ ಬಿಟ್ಟೇ ಬಿಡುತ್ತದೆ. ಹವೆ ಒಣಗಿದ್ದರೆ ಉಜ್ಜಾಟದಿಂದ ಪ್ಲಾಸ್ಟಿಕ್‌ನಲ್ಲಿ ಸ್ಟ್ಯಾಟಿಕ್ ವಿದ್ಯುತ್ ಹುಟ್ಟಿ, ಆ ಪುಡಿ ಸೆನ್ಸರಿನ ಕಣ್ಣಿಗೂ ಅಂಟಿಕೊಳ್ಳುತ್ತದೆ. ಮೊದಮೊದಲು ಯಂತ್ರ ಆಗೀಗ ನಿಂತು ಎರರ್ ತೋರಿಸುತ್ತದೆ. ಆಪರೇಟರ್ ರೀಸೆಟ್ ಒತ್ತಿ ಮುಂದೆ ಹೋಗುತ್ತಾರೆ. ರೀಸೆಟ್ ಒತ್ತುವುದೇ ಅಭ್ಯಾಸವಾಗಿಬಿಟ್ಟರೆ ನಿಜವಾದ ದೋಷ ಬಂದ ದಿನವೂ ಅದನ್ನೇ ಒತ್ತುತ್ತಾರೆ. ಅವರನ್ನು ನಾನು ದೂರುವುದಿಲ್ಲ. ವಾರ್ಡುಗಳಿಂದ ಫೋನ್ ಮೇಲೆ ಫೋನ್ ಬರುತ್ತಿರುತ್ತದೆ, ಅವರು ಇನ್ನೇನು ಮಾಡಬೇಕು?

ಈಗ ಕ್ಯಾಮೆರಾ ಇಟ್ಟು ಪ್ರತಿ ಪೊಟ್ಟಣದ ಫೋಟೋ ತೆಗೆದು ತಾಳೆ ನೋಡುವ ವ್ಯವಸ್ಥೆ ಬಂದಿದೆ. ಬಹಳ ಒಳ್ಳೆಯದು, ಎಲ್ಲ ಕಡೆ ಬರಲಿ. ಆದರೆ ಒಂದು ಮಾತ್ರೆಯ ಮೇಲೆ ಇನ್ನೊಂದು ಮಲಗಿದ್ದರೆ ಕ್ಯಾಮೆರಾಕ್ಕೂ ಕಷ್ಟ. ಕ್ಯಾಮೆರಾ ಇದೆ ಅಂತ ಬ್ರಷ್ ಬದಲಾಯಿಸುವುದನ್ನು ಮುಂದೂಡುವುದನ್ನು ನಾನು ಒಪ್ಪುವುದಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಅದರ ಬಗ್ಗೆ ಯಾರೂ ಬರೆದಿದ್ದನ್ನು ನಾನು ನೋಡಿಲ್ಲ. ರೋಟರ್ ಮಾಡುವುದು ಔಷಧದ ಹೆಸರಿಗಲ್ಲ, ಮಾತ್ರೆಯ ಅಳತೆಗೆ. ಉದ್ದ, ಅಗಲ, ದಪ್ಪ ವರ್ನಿಯರ್‌ನಲ್ಲಿ ಅಳೆದು, ಗ್ರೂವ್ ಎಷ್ಟು ಆಳ ಇರಬೇಕು, ಬ್ರಷ್ ಎಷ್ಟು ಎತ್ತರದಲ್ಲಿ ನಿಲ್ಲಬೇಕು ಅಂತ ಗೊತ್ತು ಮಾಡುತ್ತಾರೆ. 8 ಮಿ.ಮೀ. ಅಗಲದ ಗುಂಡು ಮಾತ್ರೆ ಗ್ರೂವ್‌ನಲ್ಲಿ ಅಂಚಿನ ಮೇಲೆ ನಿಲ್ಲುತ್ತದೆ ಅಂದುಕೊಳ್ಳಿ. ಆಗ ಬ್ರಷ್ 8ಕ್ಕಿಂತ ಸ್ವಲ್ಪವೇ ಮೇಲಿರುತ್ತದೆ. ನಾಳೆ ಖರೀದಿ ವಿಭಾಗದವರು ಅದೇ ಔಷಧವನ್ನು, ಅದೇ ಮಿಲಿಗ್ರಾಂ, ಬೇರೆ ಕಂಪನಿಯಿಂದ ತರಿಸುತ್ತಾರೆ. ಆ ಮಾತ್ರೆ 7 ಮಿ.ಮೀ. ಇದೆ. ಔಷಧದ ಲೆಕ್ಕದಲ್ಲಿ ಎರಡೂ ಒಂದೇ. ರೋಟರಿನ ಲೆಕ್ಕದಲ್ಲಿ ಬೇರೆ ಬೇರೆ. ಬ್ರಷ್ ಎರಡು ಮಾತ್ರೆಗಳ ಮಧ್ಯೆ ಹೋಗುವ ಬದಲು ಮೇಲಿನ ಮಾತ್ರೆಯ ಮೈಗೇ ತಾಗುತ್ತದೆ. ತಗಡಿದ್ದರೆ ಮಾತ್ರೆ ಸಿಕ್ಕಿಕೊಂಡು ಚೂರಾಗುತ್ತದೆ. ಸವೆದ ಬ್ರಷ್ ಇದ್ದರೆ ಎರಡೂ ಬೀಳುತ್ತವೆ. ಹೊಸ ಮಾತ್ರೆ ದೊಡ್ಡದಾಗಿದ್ದರೆ ಗ್ರೂವ್‌ಗೇ ಇಳಿಯುವುದಿಲ್ಲ, ಕ್ಯಾನಿಸ್ಟರ್ ಖಾಲಿ ಅಂತ ಯಂತ್ರ ಹೇಳುತ್ತದೆ. ತೆರೆದು ನೋಡಿದರೆ ತುಂಬಿರುತ್ತದೆ.

ನಾನು ಸರ್ವಿಸಿಗೆ ಹೋಗುವ ಒಂದು ಆಸ್ಪತ್ರೆಯಲ್ಲಿ ಹೀಗೇ ಆಗಿತ್ತು. ಒಂದು ಕ್ಯಾನಿಸ್ಟರ್ ಪದೇ ಪದೇ ಕೈಕೊಡುತ್ತಿತ್ತು. ಮೋಟಾರು ಬದಲಾಯಿಸಿದ್ದರು, ಸೆನ್ಸರ್ ಬೋರ್ಡ್ ಬದಲಾಯಿಸಿದ್ದರು. ತಳದಲ್ಲಿ ಎರಡು ಬಗೆಯ ಅರ್ಧ ಚೂರುಗಳು ಸಿಕ್ಕವು, ಒಂದರ ಅಂಚು ಗುಂಡಗೆ, ಇನ್ನೊಂದರದು ಚಪ್ಪಟೆ. ಕಂಪನಿ ಬದಲಾಗಿದ್ದು ಔಷಧ ವಿಭಾಗಕ್ಕೆ ಗೊತ್ತಿತ್ತು. ಸರ್ವಿಸ್ ಮಾಡುವವರಿಗೆ ಯಾರೂ ಹೇಳಿರಲಿಲ್ಲ. ಅದು ಹೇಳಬೇಕಾದ ವಿಷಯ ಅಂತಲೇ ಅವರಿಗೆ ಹೊಳೆದಿರಲಿಲ್ಲ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಜೆನೆರಿಕ್ ಮಾತ್ರೆಗಳ, ಅಂದರೆ ಮೂಲ ಕಂಪನಿಯ ಔಷಧವನ್ನೇ ಬೇರೆ ಕಂಪನಿಗಳು ಮಾಡುವ ಮಾತ್ರೆಗಳ ಗಾತ್ರ, ಆಕಾರದ ಬಗ್ಗೆ ಒಂದು ಮಾರ್ಗದರ್ಶಿ ಹೊರಡಿಸಿತು. ಮಾತ್ರೆ ಯಾವ ಕಡೆಯಿಂದ ಅಳೆದರೂ 22 ಮಿ.ಮೀ. ದಾಟದಿರಲಿ, ಮೂಲ ಕಂಪನಿಯ ಮಾತ್ರೆಗೆ ಹತ್ತಿರದ ಗಾತ್ರದಲ್ಲಿರಲಿ ಅನ್ನುವುದು ಅದರ ಸಲಹೆ. ಅದು ನುಂಗುವವರ ಗಂಟಲನ್ನು ನೋಡಿ ಬರೆದದ್ದು, ಸರಿಯಾಗಿಯೇ ಇದೆ. ಅದೇ ಅಳತೆಗಳು ಯಂತ್ರ ನಡೆಸುವವರಿಗೂ ಬೇಕು. ಮಾತ್ರೆಯ ಉದ್ದ, ಅಗಲ, ದಪ್ಪವನ್ನು ತಯಾರಕರು ದೊಡ್ಡ ಪೆಟ್ಟಿಗೆಯ ಮೇಲೆ ಒಂದು ಸಾಲಿನಲ್ಲಿ ಅಚ್ಚು ಹಾಕಿದರೆ ಸಾಕು. ಅವರ ಬಳಿ ಆ ಅಂಕಿ ಇದ್ದೇ ಇರುತ್ತದೆ. ಅಳತೆ ಬದಲಾದ ದಿನ ಕ್ಯಾನಿಸ್ಟರ್ ಪಕ್ಕಕ್ಕಿಟ್ಟು, ಹೊಸ ರೋಟರ್ ಬರುವ ತನಕ ಆ ಮಾತ್ರೆಯನ್ನು ಕೈಯಿಂದ ಟ್ರೇಗೆ ಹಾಕಬಹುದು. ಅದಕ್ಕೆಂದೇ ಯಂತ್ರದಲ್ಲಿ ಟ್ರೇ ಇರುತ್ತದೆ.

ಪೊಟ್ಟಣದ ಕಡೆಗೆ ಬರೋಣ. ಮಾತ್ರೆ ಸರಿಯಾಗಿ ಬಿದ್ದ ಮೇಲೂ ಕೆಲಸ ಮುಗಿದಿರುವುದಿಲ್ಲ. ಬಿಸಿ ರೋಲರ್ ಪ್ಲಾಸ್ಟಿಕ್ ಪದರವಿರುವ ಪೇಪರಿನ ಅಂಚನ್ನು ಒತ್ತಿ ಅಂಟಿಸುತ್ತದೆ. ರೋಲರಿನ ಮೇಲೆ ಸಣ್ಣ ಸಣ್ಣ ಗೆರೆಗಳಿವೆ, ಅವು ಕರಗಿದ ಪ್ಲಾಸ್ಟಿಕ್‌ನಿಂದ ತುಂಬಿಕೊಂಡರೆ ಒತ್ತಡ ಒಂದೇ ಸಮ ಬೀಳುವುದಿಲ್ಲ. ಟೆಫ್ಲಾನ್ ಟೇಪ್ ಹಾಕುವ ಮಾಡೆಲ್ ಆದರೆ ಅದು ಸುಟ್ಟು ಸುಕ್ಕಾಗುತ್ತದೆ. ಆ ಸುಕ್ಕಿನಷ್ಟೇ ಜಾಗದಲ್ಲಿ ಪೊಟ್ಟಣ ಬಾಯಿ ಬಿಟ್ಟಿರುತ್ತದೆ, ತೇವ ಒಳಗೆ ಹೋಗುತ್ತದೆ. ಪೇಪರ್ ಎಳೆಯುವ ರಬ್ಬರ್ ರೋಲರ್ ನುಣುಪಾದರೆ ಇನ್ನೊಂದು ತಾಪತ್ರಯ. ಪೇಪರ್ ಜಾರುತ್ತದೆ. ರೋಗಿಯ ಹೆಸರು, ಹೊತ್ತು ಎಲ್ಲ ಅಚ್ಚಾಗಿರುವ ಜಾಗವೂ ಹರಿಯುವ ಗೆರೆಯೂ ಒಂದಕ್ಕೊಂದು ಹೊಂದುವುದಿಲ್ಲ. ನರ್ಸ್ ಹರಿದಾಗ ಹೆಸರು ಒಂದು ಪೊಟ್ಟಣದಲ್ಲಿ, ಹೊತ್ತು ಪಕ್ಕದ ಪೊಟ್ಟಣದಲ್ಲಿ. ರಬ್ಬರ್ ರೋಲರ್ ಬದಲಾಯಿಸುವುದು ಸ್ಕ್ರೂಡ್ರೈವರ್ ಹಿಡಿಯಲು ಬರುವ ಯಾರಾದರೂ ಮಾಡಬಹುದಾದ ಕೆಲಸ. ಹಾಗಿದ್ದೂ ತಿಂಗಳುಗಟ್ಟಲೆ ಕಾಯಿಸುತ್ತಾರೆ, ಯಾಕೆಂದರೆ ಆ ರೋಲರ್ ಬಿಡಿಯಾಗಿ ಸಿಗುವುದಿಲ್ಲ, ಇಡೀ ಜೋಡಣೆಯನ್ನೇ ಕೊಳ್ಳಬೇಕು. ಇದು ನನಗೆ ನಿಜವಾಗಲೂ ಸಿಟ್ಟು ತರಿಸುವ ವಿಷಯ.

ಬಿಡಿ ಭಾಗ ಸಿಗದಿದ್ದಾಗ ಜನ ಬೇರೆ ದಾರಿ ಹುಡುಕುತ್ತಾರೆ. ಈಗ ತ್ರೀಡಿ ಪ್ರಿಂಟರ್ ಇದೆ. ರೋಟರನ್ನೇ ಪ್ರಿಂಟ್ ಮಾಡಿ ಹಾಕಿದ್ದನ್ನು ನೋಡಿದ್ದೇನೆ. ಅಳತೆ ಕೂರುತ್ತದೋ ಇಲ್ಲವೋ ನೋಡಲು ಅದು ಬಹಳ ಉಪಯೋಗ, ನಾನೂ ಮಾಡುತ್ತೇನೆ. ಆದರೆ ಮಾತ್ರೆ ಮುಟ್ಟುವ ಜಾಗಕ್ಕೆ ಅದನ್ನು ಹಾಕಬೇಡಿ. ಪದರ ಪದರವಾಗಿ ಕಟ್ಟಿದ ಮೈಯಲ್ಲಿ ಗೆರೆಗಳಿರುತ್ತವೆ, ಒಳಗೆ ಪುಡಿ ಕೂತರೆ ತೊಳೆದರೂ ಹೋಗುವುದಿಲ್ಲ. ಯಾವ ಪ್ಲಾಸ್ಟಿಕ್, ಅದರಲ್ಲಿ ಏನು ಬೆರೆತಿದೆ ಅನ್ನುವುದಕ್ಕೆ ಕಾಗದವೂ ಇರುವುದಿಲ್ಲ. ಔಷಧ ಮುಟ್ಟುವ ಭಾಗ ಔಷಧಕ್ಕೆ ಏನನ್ನೂ ಸೇರಿಸಬಾರದು, ಅದರಿಂದ ಏನನ್ನೂ ಹೀರಬಾರದು. ಅದಕ್ಕೇ 316ಎಲ್ ಅನ್ನುವ ತುಕ್ಕು ಹಿಡಿಯದ ಸ್ಟೀಲು, ಅಸಿಟಾಲ್, ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್‌ಗಳನ್ನು ಬಳಸುವುದು. ಇವುಗಳಲ್ಲೂ ಎಚ್ಚರ ಬೇಕು. ಪಾಲಿಕಾರ್ಬೊನೇಟ್ ಡಬ್ಬಿಯನ್ನು ಅಸಿಟೋನ್‌ನಲ್ಲಿ ಒರೆಸಿದರೆ ಮಬ್ಬಾಗಿ ಬಿರುಕು ಬಿಡುತ್ತದೆ. ಕಿರುಗುಟ್ಟುತ್ತದೆ ಅಂತ ಸಿಕ್ಕಿದ ಗ್ರೀಸ್ ಹಚ್ಚಿದರೆ ಪುಡಿ ಅದಕ್ಕೆ ಮೆತ್ತಿಕೊಂಡು ಅರೆಯುವ ಪೇಸ್ಟಿನಂತಾಗಿ, ಸವೆತ ಇನ್ನೂ ಜಾಸ್ತಿಯಾಗುತ್ತದೆ.

ಪುಡಿಯ ಬಗ್ಗೆ ಇನ್ನೊಂದು ಮಾತು. ಕ್ಯಾನ್ಸರ್ ಔಷಧದಂಥ ಅಪಾಯಕಾರಿ ಮಾತ್ರೆಗಳನ್ನು ಎಣಿಸುವ ಯಂತ್ರಕ್ಕೆ ಹಾಕಬಾರದು ಅನ್ನುವುದು ಈ ಕ್ಷೇತ್ರದಲ್ಲಿ ಒಪ್ಪಿತವಾದ ನಿಯಮ. ಅದರ ಪುಡಿ ಮುಂದಿನ ರೋಗಿಯ ಪೊಟ್ಟಣಕ್ಕೂ ಹೋಗಬಹುದು, ಯಂತ್ರ ಬಿಚ್ಚುವವರ ಮೂಗಿಗೂ ಹೋಗಬಹುದು. ದಯವಿಟ್ಟು ಕ್ಯಾನಿಸ್ಟರಿಗೆ ಗಾಳಿ ಊದಬೇಡಿ. ವ್ಯಾಕ್ಯೂಮಿನಿಂದ ಎಳೆಯಿರಿ. ಬಿಚ್ಚುವವರು ನಾವು, ಉಸಿರಾಡುವವರೂ ನಾವೇ.

ಕಾರ್ಖಾನೆಯ ಬ್ಲಿಸ್ಟರ್ ಲೈನಿನಲ್ಲಿ ಶಿಸ್ತು ಎಷ್ಟೋ ಮೇಲು. ಅಲ್ಲಿ ಮಾತ್ರೆ ಬದಲಾದರೆ ಗುಳಿ ಮಾಡುವ ಫಾರ್ಮಿಂಗ್ ಡೈ, ಹಾಳೆ ಅಂಟಿಸುವ ಸೀಲಿಂಗ್ ಡೈ, ಮಾತ್ರೆ ತಂದುಹಾಕುವ ಫೀಡಿಂಗ್ ಚಾನೆಲ್ ಎಲ್ಲ ಒಂದು ಸೆಟ್ಟಾಗಿ ಬದಲಾಗುತ್ತವೆ. ಪ್ರತಿ ಸೆಟ್ಟಿಗೂ ನಂಬರ್ ಇರುತ್ತದೆ, ಯಾರು ಹಾಕಿದರು, ಯಾರು ನೋಡಿ ಸಹಿ ಹಾಕಿದರು ಅಂತ ಪುಸ್ತಕದಲ್ಲಿ ಇರುತ್ತದೆ. ಪ್ಯಾಕ್ ಸೋರುತ್ತದೋ ಅಂತ ನೀಲಿ ಬಣ್ಣದ ನೀರಿನಲ್ಲಿ ಮುಳುಗಿಸಿ, ವ್ಯಾಕ್ಯೂಮ್ ಕೊಟ್ಟು ನೋಡುತ್ತಾರೆ. ಅದೇ ಮಾತ್ರೆ ಆಸ್ಪತ್ರೆಯ ಯಂತ್ರಕ್ಕೆ ಬಂದ ಕೂಡಲೇ ಈ ಪುಸ್ತಕ ಯಾಕೆ ಮಾಯವಾಗಬೇಕು? ರೋಗಿಗೆ ಹೆಚ್ಚು ಹತ್ತಿರವಿರುವುದು ಆಸ್ಪತ್ರೆಯ ಯಂತ್ರವೇ.

ಮನೆಯಲ್ಲಿಡುವ ಸಣ್ಣ ಯಂತ್ರಗಳನ್ನೂ ಮರೆಯಬಾರದು. ನನ್ನ ಅತ್ತೆಗೆ ಕಣ್ಣು ಮಂದ. ಅವರ ಹತ್ತಿರ 28 ಖಾನೆಯ ಗುಂಡು ಡಬ್ಬಿ ಇದೆ, ದಿನಕ್ಕೆ ನಾಲ್ಕರಂತೆ ಒಂದು ವಾರಕ್ಕೆ. ಹೊತ್ತಿಗೆ ಸರಿಯಾಗಿ ಸದ್ದು ಮಾಡಿ ಒಂದು ಖಾನೆ ತಿರುಗುತ್ತದೆ. ಅದರ ನೈಲಾನ್ ಗೇರಿನ ಒಂದು ಹಲ್ಲು ಮುರಿದು ಖಾನೆ ಅರ್ಧಕ್ಕೆ ನಿಲ್ಲತೊಡಗಿತು. ಸದ್ದು ಬರುತ್ತಿತ್ತು, ಮಾತ್ರೆ ಬರುತ್ತಿರಲಿಲ್ಲ. ಇವತ್ತಿನದು ಆಗಿದೆ ಅಂದುಕೊಂಡು ಅವರು ಸುಮ್ನೆ ಇದ್ದುಬಿಟ್ಟಿದ್ದರು. ಗೇರ್ ಬಿಡಿಯಾಗಿ ಕೊಡುವುದಿಲ್ಲ, ಹೊಸ ಯಂತ್ರವನ್ನೇ ತೆಗೆದುಕೊಳ್ಳಿ ಅನ್ನುವ ಉತ್ತರ ಬಂತು. ಮಾತ್ರೆ ತೆಗೆದುಕೊಂಡೆನೋ ಇಲ್ಲವೋ ಅನ್ನುವ ಗೊಂದಲ ಹಳೆಯದು. ಅಮೆರಿಕದ ಇಂಜಿನಿಯರ್ ಡೇವಿಡ್ ವ್ಯಾಗ್ನರ್ ತಮ್ಮ ಹೆಂಡತಿಯ ಗರ್ಭನಿರೋಧಕ ಮಾತ್ರೆಗಳಿಗಾಗಿ ತಿರುಗುವ ಡಬ್ಬಿಯೊಂದನ್ನು ಮನೆಯಲ್ಲೇ ಮಾಡಿದರು. 1962ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1964ರಲ್ಲಿ ಸಿಕ್ಕಿತು. ದಿನದ ಮಾತ್ರೆ ಹೋಗಿದೆಯೋ ಇಲ್ಲವೋ ನೋಡಿದರೆ ಸಾಕು, ತಿಳಿಯುತ್ತಿತ್ತು. ಮೋಟಾರು ಬಂದಮೇಲೂ ಅಷ್ಟು ಸ್ಪಷ್ಟವಾಗಿ ತಿಳಿಯಬೇಕು. ಖಾನೆ ನಿಜವಾಗಿಯೂ ತಿರುಗಿತೋ ಅಂತ ನೋಡುವ ಸೆನ್ಸರ್ ಇಲ್ಲದೆ ಬರೀ ಸದ್ದು ಮಾಡುವ ಯಂತ್ರವನ್ನು ಮಾರಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಯಂತ್ರ ಕೊಳ್ಳುವ ಆಸ್ಪತ್ರೆಗಳಿಗೆ ನನ್ನ ಕೋರಿಕೆ ಇಷ್ಟೇ. ನಿಮಿಷಕ್ಕೆ ಎಷ್ಟು ಪೊಟ್ಟಣ ಅಂತ ಕೇಳುವ ಮೊದಲು ಸವೆಯುವ ಭಾಗಗಳ ಪಟ್ಟಿ ಕೇಳಿ. ಯಾವುದನ್ನು ಎಷ್ಟು ಸುತ್ತು ತಿರುಗಿದ ಮೇಲೆ ಬದಲಾಯಿಸಬೇಕು ಅಂತ ಬರೆದು ಕೊಡಲಿ. ಮೋಟಾರು ಎಷ್ಟು ಸುತ್ತು ತಿರುಗಿದೆ ಅನ್ನುವುದನ್ನು ಯಂತ್ರ ಹೇಗೂ ಎಣಿಸಬಲ್ಲದು, ಬ್ರಷ್ಷಿನ ಆಯಸ್ಸನ್ನೂ ಅದೇ ಲೆಕ್ಕದಲ್ಲಿ ತೋರಿಸಲಿ. ಬ್ರಷ್, ಬೆಲ್ಟ್, ರಬ್ಬರ್ ರೋಲರ್, ಗ್ಯಾಸ್ಕೆಟ್ ಬಿಡಿಯಾಗಿ ಸಿಗುತ್ತವೆ ಅಂತ ಕರಾರಿನಲ್ಲೇ ಬರೆಸಿಕೊಳ್ಳಿ. ಮಾತ್ರೆಯ ಕಂಪನಿ ಬದಲಾದರೆ ಫಿಟ್ಟರಿಗೂ ಒಂದು ಮಾತು ಹೇಳಿ. ಅನುಮಾನ ಬಂದ ಕ್ಯಾನಿಸ್ಟರನ್ನು ಯಾರನ್ನೂ ಕೇಳದೆ ಹೊರಗಿಡುವ ಅಧಿಕಾರ ಯಂತ್ರದ ಮುಂದೆ ನಿಂತವರಿಗೆ ಇರಲಿ.

ನಿಮ್ಮ ವರದಿಗಾರರು ಮುಂದೆ ಇಂಥ ಯಂತ್ರ ನೋಡಲು ಹೋದಾಗ, ಪರದೆಯ ಫೋಟೋ ತೆಗೆದ ಮೇಲೆ ಸರ್ವಿಸ್ ಪುಸ್ತಕವನ್ನೂ ಕೇಳಿ ನೋಡಲಿ. ಕೊನೆಯ ಸಲ ಬ್ರಷ್ ಬದಲಾಯಿಸಿದ ತಾರೀಕು ಅದರಲ್ಲಿ ಇದೆಯೋ ಇಲ್ಲವೋ, ಅದನ್ನೂ ವರದಿಯಲ್ಲಿ ಬರೆಯಲಿ.

ಇಂತಿ ನಿಮ್ಮ ಓದುಗ,
ಮಾತ್ರೆ ಪ್ಯಾಕಿಂಗ್ ಯಂತ್ರಗಳ ಒಬ್ಬ ಫಿಟ್ಟರ್