ಡಿಬೇಟಿಗೆ ಹೊರಟ ಪುಟ್ಟಿಗೆ ದೊಡ್ಡಮ್ಮನ ಪತ್ರ

ಪ್ರೀತಿಯ ಪುಟ್ಟಿ,

ತಾಲ್ಲೂಕು ಮಟ್ಟದ ಪ್ರತಿಭಾ ಕಾರಂಜಿಯಲ್ಲಿ ಇಂಗ್ಲಿಷ್ ಭಾಷಣಕ್ಕೆ ನಿನಗೆ ಮೊದಲ ಬಹುಮಾನ ಬಂತು ಅಂತ ನಿನ್ನಮ್ಮ ಫೋನ್ ಮಾಡಿದ್ದಳು. ವಿಡಿಯೋನೂ ಕಳಿಸಿದಳು. ತುಂಬಾ ಖುಷಿಯಾಯಿತು. ಇನ್ನು ಜಿಲ್ಲಾ ಮಟ್ಟಕ್ಕೆ ಹೋಗಬೇಕು, ಜೊತೆಗೆ ಶಿವಮೊಗ್ಗದಲ್ಲಿ ಶಾಲೆಗಳ ನಡುವಿನ ಇಂಗ್ಲಿಷ್ ಡಿಬೇಟಿಗೂ ಹೆಸರು ಕೊಟ್ಟಿದ್ದೀಯಂತೆ. "ಇಷ್ಟು ವರ್ಷ ಇಂಗ್ಲಿಷ್ ಪಾಠ ಮಾಡಿದವಳು ನೀನು, ಏನಾದರೂ ಹೇಳಿಕೊಡಕ್ಕ" ಅಂತ ಅವಳ ಒತ್ತಾಯ. ಫೋನಿನಲ್ಲಿ ಹೇಳಿದರೆ ನೀನು "ಹೂಂ, ಹೂಂ" ಅಂತ ಮುಗಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ವಿಡಿಯೋ ವಿಷಯ. ದನಿ ಚೆನ್ನಾಗಿದೆ, ನಿಂತ ರೀತಿ ಚೆನ್ನಾಗಿದೆ, ಭಯ ಕಾಣಲಿಲ್ಲ. ಆದರೆ ಆ ಭಾಷಣ ನೀನು ಬರೆದದ್ದಲ್ಲ, ಅಲ್ವಾ? ಯಾರೋ ದೊಡ್ಡವರು ಬರೆದುಕೊಟ್ಟಿದ್ದನ್ನು ಬಾಯಿಪಾಠ ಮಾಡಿದ್ದೀಯ. ಒಂಬತ್ತನೇ ಕ್ಲಾಸಿನ ಹುಡುಗಿ ತಾನಾಗಿ ಮಾತಾಡುವಾಗ ಉಸಿರಿಗೊಮ್ಮೆ "ಫರ್ದರ್‌ಮೋರ್" ಅನ್ನುವುದಿಲ್ಲ. ನಿನ್ನನ್ನು ಬೈಯುತ್ತಿಲ್ಲ, ಮಾರಾಯ್ತಿ. ಹೆಚ್ಚು ಕಡಿಮೆ ಎಲ್ಲಾ ಶಾಲೆಯಲ್ಲೂ ಇದೇ ಕತೆ. ನಾನು ತೀರ್ಪುಗಾರಳಾಗಿ ಕೂತಲ್ಲೆಲ್ಲ ನೋಡಿದ್ದೇನೆ. "ರೆಸ್ಪೆಕ್ಟೆಡ್ ಜಡ್ಜಸ್, ಟೀಚರ್ಸ್ ಅಂಡ್ ಮೈ ಡಿಯರ್ ಫ್ರೆಂಡ್ಸ್" ಅಂತ ಶುರುವಾದರೆ ರೈಲು ಬಿಟ್ಟ ಹಾಗೆ. ಮಧ್ಯೆ ಒಂದು ಸಾಲು ಮರೆತರೆ ಪಾಪ, ಮಗು ಮತ್ತೆ "ರೆಸ್ಪೆಕ್ಟೆಡ್ ಜಡ್ಜಸ್"ನಿಂದಲೇ ಹೊರಡಬೇಕು.

ಭಾಷಣಕ್ಕೆ ಇದು ನಡೆಯುತ್ತದೆ. ಡಿಬೇಟಿಗೆ ನಡೆಯಬಾರದು. ನಡೆಯಬಾರದು ಅಂತ ಯಾಕೆ ಹೇಳಿದೆ ಅಂದರೆ, ನಮ್ಮ ಕಡೆಯ ಎಷ್ಟೋ ಚರ್ಚಾ ಸ್ಪರ್ಧೆಗಳು ಹೆಸರಿಗೆ ಮಾತ್ರ ಚರ್ಚೆ. "ಮೊಬೈಲ್ ವರವೋ ಶಾಪವೋ" ಅಂತ ವಿಷಯ. ಪರ ಇರುವವರು ಬಂದು ತಮ್ಮ ಪಾಠ ಒಪ್ಪಿಸುತ್ತಾರೆ, ವಿರೋಧ ಇರುವವರು ಬಂದು ತಮ್ಮದನ್ನು ಒಪ್ಪಿಸುತ್ತಾರೆ. ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡುವುದೇ ಇಲ್ಲ. ಒಬ್ಬರು ವೇದಿಕೆಯ ಮೇಲಿದ್ದಾಗ ಮುಂದಿನವರು ಮೂಲೆಯಲ್ಲಿ ಕಣ್ಣು ಮುಚ್ಚಿ ತಮ್ಮ ಸಾಲುಗಳನ್ನು ಗುನುಗುತ್ತಿರುತ್ತಾರೆ!

ನಿಜವಾದ ಡಿಬೇಟ್ ಹೇಗಿರುತ್ತದೆ ಅಂತ ನೋಡಬೇಕಾದರೆ ವರ್ಲ್ಡ್ ಸ್ಕೂಲ್ಸ್ ಡಿಬೇಟಿಂಗ್ ಚಾಂಪಿಯನ್‌ಶಿಪ್‌ನ ಫೈನಲ್‌ಗಳನ್ನು ಯೂಟ್ಯೂಬ್‌ನಲ್ಲಿ ನೋಡು. 1988ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದದ್ದು. ಒಂದೊಂದು ದೇಶದಿಂದ ಒಂದೊಂದು ತಂಡ, ಎಲ್ಲರೂ ಶಾಲೆಯ ಮಕ್ಕಳೇ. 2019ರಲ್ಲಿ ಬ್ಯಾಂಕಾಕ್‌ನಲ್ಲಿ ನಮ್ಮ ಭಾರತದ ಮಕ್ಕಳು ಫೈನಲ್‌ನಲ್ಲಿ ಕೆನಡಾ ತಂಡವನ್ನು ಸೋಲಿಸಿ ಗೆದ್ದರು. ಅಲ್ಲಿ ಒಂದೊಂದು ಕಡೆಯಿಂದ ಮೂವರು, ತಲಾ 8 ನಿಮಿಷ ಮಾತಾಡುತ್ತಾರೆ. ಮೊದಲ ನಿಮಿಷ, ಕೊನೆಯ ನಿಮಿಷ ಬಿಟ್ಟರೆ ನಡುವೆ ಯಾವಾಗ ಬೇಕಾದರೂ ಎದುರು ತಂಡದವರು ಎದ್ದು ನಿಂತು ಪ್ರಶ್ನೆ ಹಾಕಲು ಅವಕಾಶ ಕೇಳಬಹುದು. ಕೊಡುವುದು ಬಿಡುವುದು ಮಾತಾಡುವವರ ಇಷ್ಟ. ಆದರೆ ಒಬ್ಬರಿಗೂ ಕೊಡದೆ ಓಡಿದರೆ ತೀರ್ಪುಗಾರರಿಗೆ ಗೊತ್ತಾಗುತ್ತದೆ, ಇವರಿಗೆ ಭಯ ಅಂತ. ಕೊನೆಗೆ ಎರಡೂ ಕಡೆಯಿಂದ 4 ನಿಮಿಷದ ರಿಪ್ಲೈ. ಕೆಲವು ಸುತ್ತುಗಳ ವಿಷಯ ಮೊದಲೇ ಗೊತ್ತಿರುತ್ತದೆ. ಉಳಿದ ಸುತ್ತುಗಳಲ್ಲಿ ವಿಷಯ ಕೊಟ್ಟ ಮೇಲೆ ತಯಾರಿಗೆ ಒಂದೇ ಗಂಟೆ. ಬಾಯಿಪಾಠದವರು ಅಲ್ಲಿ ಏನು ಮಾಡುತ್ತಾರೆ ಹೇಳು!

ಅಂಕ ಕೊಡುವ ಕ್ರಮವನ್ನೂ ಗಮನಿಸು. 100ರಲ್ಲಿ ವಾದದ ತಿರುಳಿಗೆ 40, ಹೇಳುವ ರೀತಿಗೆ 40, ಯಾವ ಮಾತಿಗೆ ಎಷ್ಟು ಸಮಯ ಕೊಟ್ಟೆ, ಎದುರಿನವರ ಮುಖ್ಯ ವಾದವನ್ನೇ ಹಿಡಿದೆಯಾ ಅನ್ನುವುದಕ್ಕೆ 20. ಉಚ್ಚಾರಣೆಗೆ ಅಂತ ಬೇರೆ ಕಾಲಂ ಇಲ್ಲ. ಬೆಂಗಳೂರಿನ ದೊಡ್ಡ ಶಾಲೆಯ ಮಕ್ಕಳ ಇಂಗ್ಲಿಷ್ ಕೇಳಿ ನೀನು ಮುದುಡಿಕೊಳ್ಳಬಾರದು ಅಂತ ಇದನ್ನು ಹೇಳುತ್ತಿದ್ದೇನೆ.

ಹಾಗಾದರೆ ಉತ್ತರ ಕೊಡುವುದನ್ನು ಕಲಿಯುವುದು ಹೇಗೆ? ನನ್ನ ಕೇಳಿದರೆ ಸಂವಿಧಾನ ರಚನಾ ಸಭೆಯ ಚರ್ಚೆಗಳನ್ನು ಓದು ಅನ್ನುತ್ತೇನೆ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಎಲ್ಲಾ ಬೇಡ, 1948ರ ನವೆಂಬರ್ 4ರಂದು ಅಂಬೇಡ್ಕರ್ ಕರಡು ಸಂವಿಧಾನವನ್ನು ಸಭೆಯ ಮುಂದಿಟ್ಟು ಆಡಿದ ಮಾತು ಒಂದು ಸಾಕು. ಕರಡಿನಲ್ಲಿ ಹೊಸದೇನೂ ಇಲ್ಲ, 1935ರ ಬ್ರಿಟಿಷರ ಕಾಯ್ದೆಯಿಂದ ಎತ್ತಿಕೊಂಡಿದ್ದೇ ಜಾಸ್ತಿ ಅಂತ ಆಗ ಟೀಕೆ ಇತ್ತು. ಅವರು ಆ ಟೀಕೆಯನ್ನು ಮುಚ್ಚಿಡಲಿಲ್ಲ, ತಿರುಚಲೂ ಇಲ್ಲ. ಟೀಕೆ ಮಾಡಿದವರು ಹೇಳಿದ ಹಾಗೇ ಅದನ್ನು ಮುಂದಿಟ್ಟರು. ಹೌದು, ತೆಗೆದುಕೊಂಡಿದ್ದೇವೆ ಅಂತ ಒಪ್ಪಿಕೊಂಡರು. ಆಮೇಲೆ, ಒಳ್ಳೆಯದನ್ನು ಎರವಲು ಪಡೆಯುವುದರಲ್ಲಿ ನಾಚಿಕೆ ಏನು ಅಂತ ತಿರುಗಿ ಕೇಳಿದರು. ಒಪ್ಪುವಷ್ಟನ್ನು ಒಪ್ಪಿ, ಉಳಿದದ್ದಕ್ಕೆ ಉತ್ತರ ಕೊಡುವ ಆ ಧೈರ್ಯವನ್ನು ನೋಡು. ನಮ್ಮ ಟಿವಿ ಚರ್ಚೆಗಳಲ್ಲಿ ಅದೊಂದು ಬಿಟ್ಟು ಎಲ್ಲಾ ಇರುತ್ತದೆ.

ಅಭ್ಯಾಸಕ್ಕೆ ಕೂತಾಗ ಒಂದು ಹಾಳೆಯ ಮಧ್ಯೆ ಗೆರೆ ಎಳೆ. ಎದುರಿನವರು ಹೇಳಿದ್ದನ್ನು ಎಡಗಡೆ ಎರಡೆರಡೇ ಪದಗಳಲ್ಲಿ ಬರೆದುಕೋ. ನಿನ್ನ ಉತ್ತರ ಬಲಗಡೆ. ಎದ್ದು ನಿಂತಾಗ ಮೊದಲು ಬಲಗಡೆಯದ್ದನ್ನು ಮುಗಿಸು, ನಿನ್ನ ಸ್ವಂತ ವಾದ ಆಮೇಲೆ. ಎಡಗಡೆ ಖಾಲಿ ಇದ್ದರೆ ನೀನು ಕೇಳಿಸಿಕೊಂಡಿಲ್ಲ ಅಂತ ಅರ್ಥ.

ವಾದವನ್ನು ಮೊದಲು ಕನ್ನಡದಲ್ಲೇ ಕಟ್ಟು. "ಹೋಂವರ್ಕ್ ರದ್ದು ಮಾಡಬೇಕು" ಅಂತ ವಿಷಯ ಇಟ್ಟುಕೊಂಡು ಅಜ್ಜಿಯ ಹತ್ತಿರ ಹೋಗಿ ವಾದ ಮಾಡು. ಅವರು "ಹೋಂವರ್ಕ್ ಇಲ್ಲದಿದ್ದರೆ ನೀನು ಸಂಜೆ ಏನು ಮಾಡುತ್ತೀಯ?" ಅಂತ ಕೇಳುತ್ತಾರೆ. ಅದಕ್ಕೆ ಕನ್ನಡದಲ್ಲಿ ಉತ್ತರ ಹೊಳೆಯದಿದ್ದರೆ ಇಂಗ್ಲಿಷಿನಲ್ಲೂ ಹೊಳೆಯುವುದಿಲ್ಲ. ಉತ್ತರ ಸಿಕ್ಕ ಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿ ನೋಡು, ಸಣ್ಣ ಸಣ್ಣ ವಾಕ್ಯಗಳಲ್ಲಿ. ಪದಕ್ಕೆ ಪದ ಅನುವಾದ ಮಾಡಬೇಡ, ಸಿಕ್ಕಿಹಾಕಿಕೊಳ್ಳುತ್ತೀಯ.

ಇಂಗ್ಲಿಷ್ ಸುಧಾರಿಸಲಿ ಅಂತ ನಿನ್ನಪ್ಪ ಮನೆಯಲ್ಲಿ ಕನ್ನಡವನ್ನೇ ನಿಲ್ಲಿಸಿದ್ದಾರಂತೆ. ಅದು ಬೇಡ. 1967ರಲ್ಲಿ ನಮ್ಮ ಶಿವಮೊಗ್ಗ ಕ್ಷೇತ್ರದಿಂದಲೇ ಗೆದ್ದು ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದರು. ಸ್ಪೀಕರ್ ಆಗಿದ್ದ ನೀಲಂ ಸಂಜೀವ ರೆಡ್ಡಿಯವರು ಅವಕಾಶ ಕೊಟ್ಟರು. ಪಟೇಲರು ಕಾನೂನು ಓದಿದವರು, ಇಂಗ್ಲಿಷ್ ಬಾರದೆ ಕನ್ನಡ ಆಡಿದವರಲ್ಲ. ಇದನ್ನು ಅಪ್ಪನಿಗೆ ಹೇಳು. ನಾನು ಹೇಳಿದೆ ಅಂತಲೂ ಹೇಳು.

ಇನ್ನು ಸಣ್ಣಪುಟ್ಟವು. ದೊಡ್ಡ ಹಾಳೆ ಹಿಡಿದು ನಿಲ್ಲಬೇಡ, ಕೈ ಸ್ವಲ್ಪ ನಡುಗಿದರೂ ಅದು ಪಟಪಟ ಅನ್ನುತ್ತದೆ. ಅಂಗೈ ಅಗಲದ ರಟ್ಟು ಸಾಕು. ನಾವು ಕನ್ನಡದವರು "ಎಗ್" ಅನ್ನುವಲ್ಲಿ "ಯೆಗ್", "ಓನ್ಲಿ" ಅನ್ನುವಲ್ಲಿ "ವೋನ್ಲಿ" ಅನ್ನುತ್ತೇವೆ. ನಿನಗೂ ಆ ರೂಢಿ ಇದೆ, ಅದಷ್ಟನ್ನು ನೋಡಿಕೋ. ವಿದೇಶದವರ ಹಾಗೆ ನಾಲಗೆ ಹೊರಳಿಸುವ ಆಸೆ ಬಿಡು. ರಾತ್ರಿ ಒಂಬತ್ತಕ್ಕೆ ಆಕಾಶವಾಣಿಯ ಇಂಗ್ಲಿಷ್ ವಾರ್ತೆ ಕೇಳು, ಅವರು ಎಲ್ಲಿ ನಿಲ್ಲಿಸುತ್ತಾರೆ ಅಂತ ಗಮನಿಸು. ನೀನು ಎಲ್ಲೂ ನಿಲ್ಲಿಸುವುದಿಲ್ಲ!

ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಆಗ ಎಲ್ಲರೂ ಸ್ಪರ್ಧೆಗಿರ್ಧೆ ಸಾಕು ಅನ್ನುತ್ತಾರೆ. ಇಂಗ್ಲಿಷಿನ 100 ಅಂಕದಲ್ಲಿ 80 ಅಂಕ ಬರೆಯುವ ಪರೀಕ್ಷೆಗೆ. ಆ ಹೊತ್ತಿನಲ್ಲಿ ಬಾಯಿ ತೆರೆದರೆ ಹೊರಗೆ ಕಳಿಸುತ್ತಾರೆ, ಅದೂ ನಿಜ. ಹತ್ತನೇ ಕ್ಲಾಸಿನಲ್ಲಿ ಒಂದೆರಡು ಸ್ಪರ್ಧೆಗೆ ಮಾತ್ರ ಹೋಗು, ನನ್ನದೇನೂ ತಕರಾರಿಲ್ಲ. ಈ ವರ್ಷ ಮಾತ್ರ ಬಿಡಬೇಡ.

ಬರುವ ಭಾನುವಾರ ಬೆಳಿಗ್ಗೆಯೇ ಇಲ್ಲಿಗೆ ಬಾ. ವಿಷಯ ಮೊದಲೇ ಹೇಳುವುದಿಲ್ಲ, ಬಂದ ಮೇಲೆ ಕೊಡುತ್ತೇನೆ. ಒಂದು ಗಂಟೆ ಸಮಯ, ಫೋನ್ ನನ್ನ ಹತ್ತಿರ ಇರುತ್ತದೆ. ವಿರೋಧ ಪಕ್ಷಕ್ಕೆ ನಿನ್ನ ದೊಡ್ಡಪ್ಪ ಸಿದ್ಧವಾಗಿದ್ದಾರೆ. ಅವರು ಯಾರಿಗೂ ರಿಯಾಯಿತಿ ತೋರಿಸುವವರಲ್ಲ, ಮೊದಲೇ ಹೇಳಿರುತ್ತೇನೆ. ತಿಂಡಿಗೆ ಅಕ್ಕಿರೊಟ್ಟಿ ಮಾಡುತ್ತೇನೆ, ಖಾಲಿ ಹೊಟ್ಟೆಯಲ್ಲೇ ಬಾ.

ಇಂತಿ,
ನಿನ್ನ ದೊಡ್ಡಮ್ಮ